ಒಬ್ಬನಿಗೆ ಸಾಕಾಗುವ ಮಗ್

"ಗುರುಗಳೇ, ಒಬ್ಬನೇ ಇರುವವನು ಚಹಾಕ್ಕೆ ಎಂಥ ಪಾತ್ರೆ ಇಟ್ಟುಕೊಳ್ಳಬೇಕು?" ಎಂದು ಶಿಷ್ಯ ಗದಿಗಯ್ಯ ಕೇಳಿದ.

ಅವನು ಮಠ ಬಿಟ್ಟು ಗುಡ್ಡದ ಗವಿಗೆ ಹೊರಟಿದ್ದ. ಜೋಳಿಗೆ ಕಟ್ಟಿಯಾಗಿತ್ತು. ಎಲ್ಲವನ್ನೂ ಬಿಟ್ಟಿದ್ದ, ಬೆಳಗಿನ ಚಹಾ ಒಂದನ್ನು ಬಿಡಲಾಗಿರಲಿಲ್ಲ. ಅದಕ್ಕಾಗಿ ಒಂದೇ ಒಂದು ಪಾತ್ರೆ ಒಯ್ಯಬೇಕೆಂದಿದ್ದ. ಮಣ್ಣಿನದು ವಾಸಿಯೋ ಲೋಹದ್ದು ವಾಸಿಯೋ ಎಂಬುದು ಅವನ ಸಂಶಯ.

ಗುರುಗಳು ಬಾವಿಯ ಕಡೆ ಕಿವಿಗೊಟ್ಟರು. ಅಲ್ಲಿ ಪಾತ್ರೆ ಬೆಳಗುವ ಸದ್ದು ಕೇಳುತ್ತಿತ್ತು.

"ಇವತ್ತು ಪಾತ್ರೆಯ ಸರದಿ ಯಾರದು?"

"ನನ್ನದೇ ಇರಬೇಕು. ಯಾರೋ ಬೆಳಗುತ್ತಿದ್ದಾರೆ," ಎಂದ ಗದಿಗಯ್ಯ. "ಇಲ್ಲಿ ನನಗೆ ಯಾವ ತೊಂದರೆಯೂ ಇಲ್ಲ, ಗುರುಗಳೇ. ಧ್ಯಾನ ಸರಾಗವಾಗಿ ನಡೆದಿದೆ. ಅದಕ್ಕೇ ಹೊರಟಿದ್ದೇನೆ. ಇನ್ನು ನನಗೆ ಯಾರ ಹಂಗೂ ಬೇಕಾಗಿಲ್ಲ."

"ಸಂತೋಷ," ಎಂದರು ಗುರುಗಳು. "ನೀನು ಕೇಳಿದ್ದಕ್ಕೆ ಒಂದು ಕತೆಯಿದೆ. ಕೇಳಿಯೇ ಹೋಗು. ಗವಿ ಎಲ್ಲಿಗೂ ಓಡಿಹೋಗುವುದಿಲ್ಲ."

ಗದಿಗಯ್ಯ ಜೋಳಿಗೆ ಕೆಳಗಿಟ್ಟು ಕುಳಿತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನದು ಚಹಾದ ವ್ಯಾಪಾರ. ಪುಡಿಯದಲ್ಲ, ಎಲೆಯದು. ಉದ್ದುದ್ದ ಒಣಗಿದ ಎಲೆ ಘಟ್ಟದ ಕಡೆಯಿಂದ ಪೆಟ್ಟಿಗೆಯಲ್ಲಿ ಬರುತ್ತಿತ್ತು. ಊರವರು ಪುಡಿಗೆ ಹಾಲು, ಬೆಲ್ಲ ಹಾಕಿ ಕುದಿಸಿ ಕುಡಿಯುತ್ತಿದ್ದರು. ಅವರನ್ನು ಕಂಡರೆ ಅವನಿಗೆ ನಗು. ಹಾಲು ಹಾಕಿದರೆ ಎಲೆಯ ತಪ್ಪು ಮುಚ್ಚಿಹೋಗುತ್ತದೆ ಎನ್ನುತ್ತಿದ್ದ. ಅಂಗಡಿಯಲ್ಲಿ ಕುಳಿತು ಒಂದು ಗುಟುಕು ಬಾಯಿಗೆ ಹಾಕಿಕೊಳ್ಳುತ್ತಿದ್ದ, ನಾಲಿಗೆಯ ಮೇಲೆ ಹೊರಳಿಸಿ ಉಗಿಯುತ್ತಿದ್ದ, ಎಲೆ ಯಾವ ತೋಟದ್ದು ಎಂದು ಹೇಳಿಬಿಡುತ್ತಿದ್ದ. ಎರಡನೆಯ ಗುಟುಕು ಅವನಿಗೆ ಎಂದೂ ಬೇಕಾಗಿರಲಿಲ್ಲ. ಅದನ್ನೇ ದೊಡ್ಡ ವಿದ್ಯೆಯೆಂದು ತಿಳಿದಿದ್ದ.

ಸಂಜೆ ಮನೆಗೆ ಬಂದರೆ ಹೆಂಡತಿ ಚಹಾ ಮಾಡುತ್ತಿದ್ದಳು. ಹಿತ್ತಾಳೆಯ ತಂಬಿಗೆಗೆ ಎಲೆ ಹಾಕಿ, ಕುದಿಯುವ ನೀರು ಸುರಿದು, ಮುಚ್ಚಿಡುತ್ತಿದ್ದಳು. ಎಲೆ ಬಿಚ್ಚಿಕೊಂಡ ಮೇಲೆ ಮುಚ್ಚಳವನ್ನು ಓರೆ ಮಾಡಿ, ಎಲೆ ಬೀಳದ ಹಾಗೆ ಅವನ ಲೋಟಕ್ಕೆ ಬಗ್ಗಿಸುತ್ತಿದ್ದಳು. ಉಳಿದ ಅರ್ಧ ಎಲೆಯೊಂದಿಗೆ ತಂಬಿಗೆಯಲ್ಲೇ ಇರುತ್ತಿತ್ತು. ಅವಳು ಅಡುಗೆಯ ಕೆಲಸ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು, ಅವನ ಎದುರು ಕುಳಿತು ಅದನ್ನು ಕುಡಿಯುತ್ತಿದ್ದಳು. ಕುಡಿಯುವಾಗ ಮುಖ ಕಿವುಚುತ್ತಿದ್ದಳು.

"ದಿನಾ ಯಾಕ ಹಿಂಗ ಮಾರಿ ಕಿವುಚತೀ?" ಎಂದು ಅವನು ಕೇಳುತ್ತಿದ್ದ.

"ಒಲಿ ಹೊಗಿರೀ," ಎನ್ನುತ್ತಿದ್ದಳು.

"ಹುಟ್ಟುಗುಣ ಸುಟ್ಟರೂ ಹೋಗೂದಿಲ್ಲ," ಎಂದು ಅವನು ಛೇಡಿಸುತ್ತಿದ್ದ. ಅವಳೂ ನಗುತ್ತಿದ್ದಳು. ಹೀಗೆ ಬಹಳ ವರ್ಷ ನಡೆಯಿತು.

ಒಂದು ಚಳಿಗಾಲದಲ್ಲಿ ಅವಳು ಜ್ವರ ಬಂದು ತೀರಿಕೊಂಡಳು. ಮಕ್ಕಳಿರಲಿಲ್ಲ. ಕರ್ಮಗಳು ಮುಗಿದವು, ನೆಂಟರು ತಮ್ಮ ತಮ್ಮ ಊರಿಗೆ ಹೋದರು. ವ್ಯಾಪಾರಿ ಮನೆಯಲ್ಲಿ ಒಬ್ಬನೇ ಉಳಿದ.

ಆ ಸಂಜೆ ತಾನೇ ತಂಬಿಗೆಯಲ್ಲಿ ಚಹಾ ಮಾಡಿದ. ಲೋಟಕ್ಕೆ ಬಗ್ಗಿಸಿಕೊಂಡು ಕುಡಿದ. ರುಚಿ ಎಂದಿನ ಹಾಗೇ ಇತ್ತು. ತಂಬಿಗೆಯಲ್ಲಿ ಅರ್ಧ ಉಳಿಯಿತು. ಅದನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಕುಳಿತ. ಯಾರಿಗಾಗಿ ಕುಳಿತಿದ್ದೇನೆಂದು ನೆನಪಾದ ಮೇಲೆ ಎದ್ದು ಹೋಗಿ ಹಿತ್ತಲಿಗೆ ಚೆಲ್ಲಿದ. ಮರುದಿನವೂ ಚೆಲ್ಲಿದ. ಆಮೇಲೆ ಚೆಲ್ಲುವುದು ಅವನಿಂದಾಗಲಿಲ್ಲ. ಪ್ರತಿ ಸಂಜೆ ಅವಳನ್ನೇ ಹೊರಗೆ ಹಾಕಿ ಬಂದ ಹಾಗೆ ಅನ್ನಿಸುತ್ತಿತ್ತು. ತಂಬಿಗೆಯನ್ನು ತೊಳೆದು ಅಟ್ಟದ ಮೇಲೆ ಬೋರಲು ಹಾಕಿದ.

ಒಬ್ಬನಿಗೆ ಸಾಕಾಗುವ ಒಂದು ಮಗ್ ತಂದರಾಯಿತು ಎಂದುಕೊಂಡ. ಅದರಲ್ಲೇ ಎಲೆ, ಅದರಲ್ಲೇ ನೀರು, ಅದಕ್ಕೇ ಬಾಯಿ. ಉಳಿಯುವ ಮಾತೇ ಇಲ್ಲ. ಅವನು ಹೆಚ್ಚಿನದನ್ನೇನೂ ಬಯಸಿರಲಿಲ್ಲ. ಎಲ್ಲ ಹೋದ ಮೇಲೂ ಸಂಜೆಯ ಆ ಒಂದು ರುಚಿ ತನಗೆ ಉಳಿಯಲಿ ಎಂದಷ್ಟೇ ಬಯಸಿದ್ದ.

ಮೊದಲು ಸ್ಟೀಲಿನ ಮಗ್ ತಂದ. ಮೇಲಿನ ಅರ್ಧ ಚೆನ್ನಾಗಿತ್ತು. ಕೆಳಗಿನ ಅರ್ಧ ಬಾಯಿಗಿಡಲಾಗದಷ್ಟು ಕಹಿಯಾಗಿತ್ತು. ಲೋಹದ ದೋಷ ಎಂದುಕೊಂಡು ಮಣ್ಣಿನದನ್ನು ತಂದ. ಅದೂ ತಳಕ್ಕೆ ಹೋದಂತೆ ಕಹಿ. ಗಾಜಿನದರಲ್ಲಿ ಎಲೆಗಳು ಒಂದೊಂದಾಗಿ ಬಿಚ್ಚಿಕೊಂಡು ಕೆಳಗಿಳಿಯುವುದು ಕಾಣುತ್ತಿತ್ತು. ಚೆಂದವಾಗಿತ್ತು. ಇಲ್ಲಿ ನೋಡು ಎಂದು ತೋರಿಸಲು ಮನೆಯಲ್ಲಿ ಯಾರೂ ಇರಲಿಲ್ಲ. ಆ ಮಗ್‌ನ ತಳವೂ ಕಹಿಯೇ.

ಪೇಟೆಗೆ ಹೋಗಿ ಪಿಂಗಾಣಿಯದನ್ನು ಕೇಳಿದ. ಅಂಗಡಿಯವನು ಎರಡನ್ನು ತೆಗೆದು ಇಟ್ಟ.

"ಒಂದ ಸಾಕು," ಎಂದ ವ್ಯಾಪಾರಿ.

"ಜೋಡಿ ಒಡದು ಕೊಡೂದಿಲ್ಲರೀ. ಉಳದದ್ದನ್ನ ಯಾರು ಒಯ್ಯತಾರ?"

ವ್ಯಾಪಾರಿ ವಾದ ಮಾಡಲಿಲ್ಲ. ಎರಡನ್ನೂ ಕೊಂಡ. ಒಂದನ್ನು ಅಲ್ಲೇ ಬಿಟ್ಟು ಬಂದ.

ಪಿಂಗಾಣಿಯೂ ಕೈ ಹಿಡಿಯಲಿಲ್ಲ. ಎಲೆ ಬದಲಿಸಿದ, ಬಾವಿ ಬದಲಿಸಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನೆರೆಯವರು ಆಡಿಕೊಂಡರು. ಆಡಿಕೊಳ್ಳುವ ಬಾಯಿಗೇನು, ಬೀಗವಿದೆಯೇ? ಅವನ ಸಂಕಟ ಅವರಿಗೆ ಗೊತ್ತಿರಲಿಲ್ಲ. ರುಚಿಯನ್ನೂ ಅವಳೇ ತನ್ನ ಜೊತೆ ಒಯ್ದಳು ಎಂದು ಅವನಿಗೆ ಅನ್ನಿಸತೊಡಗಿತ್ತು. ಕಹಿ ಗುಟುಕು ನುಂಗಿದಾಗಲೆಲ್ಲ ಸತ್ತವಳ ಮೇಲೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದದ್ದಕ್ಕೆ ಅಳು ಬರುತ್ತಿತ್ತು.

ಒಂದು ಸಂಜೆ ಅವನು ಮಗ್‌ಗೆ ಎಲೆ ಹಾಕಿ ನೀರು ಸುರಿದಿದ್ದ. ಬಾಗಿಲಲ್ಲಿ ಕೂಗು ಕೇಳಿತು. ಪಾತ್ರೆಗಳಿಗೆ ಕಲಾಯಿ ಹಾಕುವವನು ಬಂದಿದ್ದ. ವರ್ಷಕ್ಕೊಮ್ಮೆ ಆ ಊರಿಗೆ ಬರುತ್ತಿದ್ದವನು. ಸುದ್ದಿ ಅವನಿಗೆ ತಿಳಿದಿರಲಿಲ್ಲ.

"ಅವ್ವಾರ ಎಲ್ಲಿ ಅದಾರ್ರೀ? ತಂಬಿಗಿ ತಗದು ಇಟ್ಟಿರತಾರ," ಎಂದ.

ವ್ಯಾಪಾರಿಗೆ ಹೇಳಲಾಗಲಿಲ್ಲ. "ಕೂಡ್ರಪಾ, ಚಹಾ ಕುಡಿ," ಎಂದ. ಕಹಿಯಾದ ಮಗ್‌ಗಳನ್ನೆಲ್ಲ ಒಂದೊಂದಾಗಿ ಯಾರಿಗೋ ಕೊಟ್ಟುಬಿಟ್ಟಿದ್ದ, ಮನೆಯಲ್ಲಿ ಬಂದವರಿಗೆಂದು ಇನ್ನೊಂದು ಮಗ್ ಇರಲಿಲ್ಲ. ಹಳೆಯ ಲೋಟ ಹುಡುಕಿ ತಂದು, ಮಗ್‌ನಿಂದ ಅರ್ಧವನ್ನು ಅದಕ್ಕೆ ಬಗ್ಗಿಸಿ ಅವನಿಗೆ ಕೊಟ್ಟ. ಉಳಿದ ಅರ್ಧ ಎಲೆಯೊಂದಿಗೆ ಮಗ್‌ನಲ್ಲೇ ಇತ್ತು. ಒಲೆಯ ಬೆಂಕಿ ಆರಿಸಿ, ಅವನಿಗೆ ನಾಲ್ಕು ಚುರುಮುರಿ ಹಾಕಿ ಕೊಟ್ಟು, ಆಮೇಲೆ ಬಂದು ಕುಳಿತ.

ಕಲಾಯಿಯವನು ಕಣ್ಣು ಮುಚ್ಚಿ ಕುಡಿಯುತ್ತಿದ್ದ. "ಏನ್ ಚಹಾರೀ ಇದು! ಹಾಲಿಲ್ಲ, ಬೆಲ್ಲಿಲ್ಲ, ಆದರೂ ನಾಲಿಗಿಗೆ ಸಿಹಿ ಹತ್ತತೈತಿ. ಅವ್ವಾರೂ ದಿನಾ ಇಂಥಾದ್ದನ್ನ ಕುಡೀತಾರೇನ್ರೀ? ಪುಣ್ಯವಂತರು!"

ಅಷ್ಟರಲ್ಲಿ ವ್ಯಾಪಾರಿ ತನ್ನ ಅರ್ಧದಿಂದ ಒಂದು ಗುಟುಕು ತೆಗೆದುಕೊಂಡಿದ್ದ. ಬಾಯಿತುಂಬ ಕಹಿ. ಹೌದು ಎನ್ನಲು ಹೋದ. ಬದಲಿಗೆ ಮಗ್‌ನೊಳಗೆ ಬಗ್ಗಿ ನೋಡಿದ.

ಮಗ್ ಒಂದೇ, ಎಲೆ ಒಂದೇ, ನೀರೂ ಒಂದೇ. ಮೊದಲು ಬಗ್ಗಿಸಿದ ಅರ್ಧ ಸಿಹಿಯಾಗಿತ್ತು. ಎಲೆಯೊಂದಿಗೆ ಉಳಿದ ನೀರು ಕಹಿಯಾಗಿತ್ತು. ತಂಬಿಗೆಯಲ್ಲೂ ದಿನವೂ ಹಾಗೇ ಆಗುತ್ತಿತ್ತು. ಆ ಕಹಿ ಅವನ ಲೋಟಕ್ಕೆ ಬರುತ್ತಿರಲಿಲ್ಲ, ಅಷ್ಟೆ.

ಒಲಿ ಹೊಗಿರೀ ಎಂದ ಮಾತು ಅವನಿಗೆ ನೆನಪಾಯಿತು. ಆ ಮನೆಯ ಒಲೆಯ ಮೇಲೆ ಹೊಗೆ ಹೊರಹೋಗುವ ಗೂಡು ಇತ್ತು. ಅವಳ ಕಣ್ಣು ಉರಿಯಬಾರದೆಂದು ಅವನೇ ಕಟ್ಟಿಸಿದ್ದ. ಇಬ್ಬರೂ ಕುಳಿತು ಚಹಾ ಕುಡಿಯುತ್ತಿದ್ದ ಪಡಸಾಲೆಗೆ ಹೊಗೆ ಒಂದು ದಿನವೂ ಬಂದಿರಲಿಲ್ಲ.

"ಅಕಿ ಇಲ್ಲಪಾ. ತೀರಿಕೊಂಡಳು," ಎಂದು ಹೇಳಿ, ಆ ಪರವೂರಿನವನ ಮುಂದೆ ಗಟ್ಟಿಯಾಗಿ ಅತ್ತ. ಅವಳು ಸತ್ತ ದಿನವೂ ಅವನು ಹಾಗೆ ಅತ್ತಿರಲಿಲ್ಲ.

ಕಲಾಯಿಯವನು ಲೋಟ ಕೆಳಗಿಟ್ಟ. ಅಳು ನಿಂತ ಮೇಲೆ, "ತಂಬಿಗಿ ಕೊಡ್ರಿ," ಎಂದ. ವ್ಯಾಪಾರಿ ಅಟ್ಟದಿಂದ ಇಳಿಸಿ ಕೊಟ್ಟ. ಅವನು ಅಂಗಳದಲ್ಲಿ ಕುಳಿತು ಕಲಾಯಿ ಹಾಕಿದ. ತಂಬಿಗೆಯ ಒಳಗು ಹೊಸದರ ಹಾಗೆ ಬೆಳ್ಳಗಾಯಿತು.

ಆಮೇಲೆ ವ್ಯಾಪಾರಿ ಮಗ್ ಹುಡುಕಲಿಲ್ಲ. ಸಂಜೆ ತಂಬಿಗೆಯಲ್ಲಿ ಚಹಾ ಮಾಡಿ, ಮೊದಲ ಅರ್ಧವನ್ನು ಲೋಟಕ್ಕೆ ಬಗ್ಗಿಸಿ ಜಗುಲಿಯ ಮೇಲಿಡುತ್ತಿದ್ದ. ದಾರಿಯಲ್ಲಿ ಹೋಗುವವರು ಯಾರಾದರೂ ಕುಡಿಯುತ್ತಿದ್ದರು. ಯಾರೂ ಬಾರದ ದಿನ ಅದು ಅಲ್ಲೇ ಆರುತ್ತಿತ್ತು. ಕೈ ಒರೆಸಿಕೊಂಡು, ಅವಳು ಕೂರುತ್ತಿದ್ದ ಜಾಗದಲ್ಲಿ ಕುಳಿತು, ಉಳಿದದ್ದನ್ನು ತಾನು ಕುಡಿಯುತ್ತಿದ್ದ. ಯಾಕೆ ಮುಖ ಕಿವುಚುತ್ತೀರಿ ಎಂದು ಯಾರಾದರೂ ಕೇಳಿದರೆ, "ಒಲಿ ಹೊಗಿ," ಎನ್ನುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಬಾವಿಯ ಹತ್ತಿರ ಸದ್ದು ಇನ್ನೂ ನಡೆದಿತ್ತು. ಗದಿಗಯ್ಯ ತಿರುಗಿ ನೋಡಿದ. ಎಲ್ಲರಿಗಿಂತ ಹಿರಿಯನಾದ ದುಂಡಯ್ಯ, ಸೊಂಟಕ್ಕೆ ಒಂದು ಕೈ ಕೊಟ್ಟುಕೊಂಡು, ದೊಡ್ಡ ಹಂಡೆಯನ್ನು ಹೊರಳಿಸಿ ಬೆಳಗುತ್ತಿದ್ದ.

"ಅಂದರೆ, ಗುರುಗಳೇ," ಎಂದ ಗದಿಗಯ್ಯ, ದನಿ ತಗ್ಗಿಸಿ, "ನಾನು ಯಾವ ಪಾತ್ರೆ ಒಯ್ಯಲಿ?"

"ಯಾವುದನ್ನಾದರೂ ಒಯ್ಯಿ ಗದಿಗಯ್ಯಾ, ಇಷ್ಟು ವರ್ಷ ನಿನ್ನ ಪಾಲಿನ ತಳದ ಕಹಿಯನ್ನು ಯಾರು ಕುಡಿದರೆಂದು ಕೇಳಿಕೊಂಡು ಹೋಗು."