ಹಾವಸೆ ಬಂಡೆಯ ಮೇಲೆ ಭರಮಣ್ಣ

ಕರಿಕಲ್ಲು ಗುಡ್ಡದ ಗವಿಯಲ್ಲಿ ಪೂಜ್ಯ ಶ್ರೀ ನಿರಂಜನಸ್ವಾಮಿಗಳು ಒಂದು ಕಂಬಳಿ, ಒಂದು ತಂಬಿಗೆ ಇಟ್ಟುಕೊಂಡು ವಾಸವಾಗಿದ್ದರು. ಗವಿಗೂ ನೀರಿನ ದೊಣೆಗೂ ನಡುವೆ ಪಾಚಿಗಟ್ಟಿ ಹಾವಸೆ ಹಿಡಿದ ಇಳಿಜಾರು ಬಂಡೆ. ಅದರ ಜಾರಿಕೆ ಎಂಥದ್ದೆಂದರೆ, ನೊಣವೂ ಕೂರುವ ಮೊದಲು ಎರಡು ಸಲ ಯೋಚಿಸುತ್ತಿತ್ತು. ಕೆಳಗೆ ಮೂವತ್ತಾಳುದ್ದದ ಕಮರಿ. ಸ್ವಾಮಿಗಳು ದಿನವೂ ಬರಿಗಾಲಲ್ಲಿ ಅದನ್ನು ದಾಟಿ ಅಭಿಷೇಕದ ನೀರು ತರುತ್ತಿದ್ದರು. ಪವಾಡವೆಂದು ಏಳೂರು ಕೈಮುಗಿಯುತ್ತಿತ್ತು.

ಗರಡಿಮನೆಯ ಭರಮಣ್ಣನಿಗೆ ಇದು ನುಂಗಲಾರದ ತುತ್ತಾಯಿತು. ಕೋಟೆಗೋಡೆಗಳನ್ನು ಬರಿಗೈಯಲ್ಲಿ ಹತ್ತಿದವನು ಅವನು. ಅವನ ಮೀಸೆ ಅವನಿಗಿಂತ ಒಂದು ಗೇಣು ಮೊದಲೇ ಗೋಡೆಯ ತುದಿ ಮುಟ್ಟುತ್ತಿತ್ತಂತೆ. ಇಬ್ಬನಿ ಬಿದ್ದ ಒಂದು ಬೆಳಿಗ್ಗೆ, ಭಕ್ತರೆದುರಿಗೇ ಪವಾಡದ ಬಣ್ಣ ಬಯಲು ಮಾಡಲು ಬಂದ. ಬಂಡೆಸಂದಿಯ ಗೂಡಿಗೆ ಹಾರಿಬಂದ ಕವಲುತೋಕೆ ಹಕ್ಕಿಯನ್ನು ತೋರಿಸಿದ.

"ನಾನು ಅದರಂಗೆ, ಬುದ್ಧಿ. ನೀವು ಈ ಹಾವಸೆಯಂಗೆ, ಅಂಟಿದ ಕಡೇಲೇ ಇರೋರು."

ಸ್ವಾಮಿಗಳು ನಕ್ಕು, ಈಗ ಬೇಡಪ್ಪ ಎಂದರು. ಭರಮಣ್ಣ ಆಗಲೇ ಬಂಡೆಯ ಮೇಲಿದ್ದ.

ಹತ್ತು ಹೆಜ್ಜೆ ಸಲೀಸಾಯಿತು. ಹನ್ನೊಂದನೆಯದಕ್ಕೆ ಎಡಗಾಲು ಎಣ್ಣೆಯ ಮೇಲಿಟ್ಟಂತೆ ಹೋಯಿತು. ಮೈ ಸರ್ರನೆ ಜಾರಿ, ಅಂಚಿಗೆ ಒಂದು ಮಾರು ಇರುವಾಗ ಯಾವುದೋ ಉಬ್ಬಿಗೆ ಹೆಬ್ಬೆರಳು ಸಿಕ್ಕಿ ನಿಂತಿತು. ಭಕ್ತರು ಎಸೆದ ಹಗ್ಗ ಅರ್ಧಕ್ಕೂ ಮುಟ್ಟಲಿಲ್ಲ. ಮೀನಖಂಡ ನಡುಗತೊಡಗಿತು. ಎದುರಿಗೊಂದು ಬಿರುಕು ಕಂಡಿತು. ಒಂದೇ ನೆಗೆತಕ್ಕೆ ಸಿಕ್ಕೀತೆಂದು ಅವನು ಮಂಡಿ ಮಡಿಸಿದ.

"ಭರಮಣ್ಣ," ಎಂದರು ಸ್ವಾಮಿಗಳು, "ಕವಲುತೋಕೆ ಕಾಲು ಜಾರಿದರೆ ಹಾರುತ್ತೆ. ಹಾವಸೆ ಹಾರಲ್ಲ, ಬೀಳೋದೂ ಇಲ್ಲ. ಹೊಟ್ಟೆ ಊರಿ ಮಲಗು."

ಅವನು ಮಲಗಿದ. ಕೆನ್ನೆ ಒದ್ದೆ ಹಾವಸೆಗೆ ಒತ್ತಿತು. ಉಸಿರು ಜೋರಾಗಿ ಬಿಟ್ಟರೂ ಮೈ ಕೂದಲೆಳೆಯಷ್ಟು ಕೆಳಗೆ ಸರಿಯುತ್ತಿತ್ತು. ಗಳಿಗೆ ಗಳಿಗೆಯೂ ಯುಗವಾಯಿತು. ಕಣ್ಣೆತ್ತಿದಾಗಲೆಲ್ಲ ಮೇಲೆ ಗವಿಯ ಬದಿಯಲ್ಲಿ ಸ್ವಾಮಿಗಳು ಕುಕ್ಕರಗಾಲಲ್ಲಿ ಕುಳಿತೇ ಇದ್ದರು. ಭಕ್ತರು ಪ್ರಸಾದಕ್ಕೆ ಕರೆದರೂ ಏಳಲಿಲ್ಲ. ನಡುಹಗಲಿಗೆ ಬಿಸಿಲು ಗುಡ್ಡ ದಾಟಿ ಬಂಡೆಗೆ ಬಿತ್ತು. ಕೆನ್ನೆಯಡಿಯ ಹಾವಸೆ ಒಣಗಿ ಗರಗರ ಎಂದಿತು.

ಎದ್ದು ಬಾ ಎಂದರು ಸ್ವಾಮಿಗಳು. ಕಂಬಳಿಯ ಮೇಲೆ ನಡೆದಂತೆ ಕಾಲು ಹಿಡಿಯಿತು, ಬಂದ.

ಯಾವ ಮಂತ್ರ ಹೇಳಿ ದಿನಾ ದಾಟುತ್ತೀರಿ ಎಂದು ತಗ್ಗಿದ ದನಿಯಲ್ಲಿ ಕೇಳಿದ.

"ಮಂತ್ರ ಎಲ್ಲೀದಪ್ಪ? ಒಣಗಿದ ಮೇಲೆ ದಾಟ್ತೀನಿ. ಹನ್ನೆರಡು ವರ್ಷದಿಂದ ಹೇಳ್ತಿದ್ದೀನಿ, ಇವರು ಯಾರೂ ಕಿವಿಗೆ ಹಾಕ್ಕೊಳ್ಳಲ್ಲ."

ಬಯಲು ಮಾಡಲು ಬಂದದ್ದನ್ನು ಅವರೇ ಹೀಗೆ ಬಿಚ್ಚಿಟ್ಟಾಗ ಭರಮಣ್ಣನ ಕಣ್ಣು ತುಂಬಿತು. ಆ ಪಾದಗಳ ಮೇಲೆ ತಲೆಯಿಟ್ಟ.

ಮರುದಿನದಿಂದ ನೀರಿನ ಸೇವೆ ಅವನದಾಯಿತು. ಬಿಸಿಲೇರಿದ ಮೇಲೆ ನೀವೂ ದಾಟಬಹುದು ಎಂದು ಭಕ್ತರಿಗೆ ಹೇಳುತ್ತಿದ್ದ. ಅವರು ಇವನಿಗೂ ಕೈಮುಗಿಯುತ್ತಿದ್ದರು.