ಪಾಲಯ್ಯ ಮತ್ತು ನಡುಕದ ಬಿಲ್ಲೆ

ಹೂಂಗುಟ್ಟೋರು ಮುಂದೆ ಕೂತ್ಕೊಳ್ಳಿ, ನಿದ್ದೆ ಬರೋರು ಮುಖ ತೊಳ್ಕೊಂಡು ಬನ್ನಿ. ಇದು ಚಳ್ಳಕೆರೆ ಪೇಟೆಯ ಬೋರಮ್ಮನ ಕತೆ, ಅವಳ ಮಗ ಪಾಲಯ್ಯನ ಕತೆ.

ಪಾಲಯ್ಯ ಸೋಮಾರಿ ಅಲ್ಲ, ಕಳ್ಳ ಅಲ್ಲ, ಕುಡುಕ ಅಲ್ಲ. ಮೂವತ್ತು ವರ್ಷದ ಗಟ್ಟಿಮುಟ್ಟಾದ ಆಳು. ಹೇಳಿದ್ದು ಮಾಡ್ತಾನೆ. ಹೇಳಿದ್ದನ್ನೇ ಮಾಡ್ತಾನೆ. ಎಲ್ಲಿ ಮಾಡಬೇಕು, ಯಾವಾಗ ಮಾಡಬೇಕು ಅನ್ನೋದು ಮಾತ್ರ ತಲೆಗೆ ಹೋಗಲ್ಲ. "ಹಾಲು ಉಕ್ಕದ ಹಾಗೆ ನೋಡ್ಕೊಳ್ಳೋ" ಅಂದರೆ ಒಲೆಯನ್ನೇ ಹಚ್ಚದೆ ನೋಡ್ಕೊಂಡು ಕೂತಿರ್ತಾನೆ.

ಕೂಲಿಗೆ ಕಡ್ಲೆಕಾಯಿ ಸುಲಿದು ಸಾಕಿದ ಮಗ. ಬೋರಮ್ಮನ ಮೊಣಕಾಲು ಸವೆದಿದೆ ಅಂತ ಡಾಕ್ಟರು ಬೇರೆ ಹೇಳಿಬಿಟ್ಟಿದ್ದರು. ತಾನು ಮೂಲೆ ಹಿಡಿದರೆ ಇವನ ಗತಿ ಏನು? ಆ ಭಯ ಅವಳನ್ನು ತಿನ್ನುತ್ತಿತ್ತು. ಒಂದು ದಿನ ಮಗನ ಕೈ ಹಿಡಿದು ಮೌನೇಶಾಚಾರ್ರ ರಿಪೇರಿ ಅಂಗಡಿಗೆ ಎಳಕೊಂಡು ಹೋದಳು.

"ಆಚಾರ್ರೇ, ಇವನಿಗೊಂದು ಕಸುಬು ಕಲಿಸ್ರಪ್ಪ. ನಿಮಗೆ ಪುಣ್ಯ ಬರ್ತೈತೆ!"

"ಅಮಾವಾಸ್ಯೆವರೆಗೂ ನೋಡ್ತೀನಿ ಬೋರಮ್ಮ. ನಿಂತ್ರೆ ಕೆಲಸ ಅವನದು. ಇಲ್ದಿದ್ರೆ ವಾಪಸ್ ಕರ್ಕೊಂಡು ಹೋಗು!"

ಆಚಾರ್ರು ನಾಣ್ಯದಷ್ಟು ಅಗಲದ ಒಂದು ಬಿಲ್ಲೆ ತೋರಿಸಿದರು. "ನೋಡ್ಲಾ, ಇದು ಪೀಜೋ. ಒಂಥರಾ ಕಲ್ಲು ಅಂತಿಟ್ಕೋ. ಒತ್ತಿದ್ರೆ ಕರೆಂಟು ಕೊಡ್ತೈತೆ, ಕರೆಂಟು ಕೊಟ್ರೆ ನಡುಗ್ತೈತೆ. ಗ್ಯಾಸ್ ಲೈಟರಿನಲ್ಲಿ ಇದೇ. ಗಡಿಯಾರದಲ್ಲಿ ಇದರ ತಮ್ಮ, ಭಜನೆ ಮೈಕಿನಲ್ಲಿ ಇದರ ಅಣ್ಣ. ಇಷ್ಟೇ ನಮ್ಮ ಕಸುಬು!"

"ಇಷ್ಟೇನಾ?" ಅಂದ ಪಾಲಯ್ಯ. "ಬಂತು ಬಿಡಿ ನಂಗೆ!"

ಮೊದಲು ಬಂದಿದ್ದು ಒಂದು ಗ್ಯಾಸ್ ಲೈಟರು. ಒತ್ತಿದರೆ ಕಿಡಿ ಇಲ್ಲ. ಆಚಾರ್ರು ಬಿಚ್ಚಿ, ಒಳಗಿನ ಪುಟ್ಟ ಸುತ್ತಿಗೆ ಸರಿ ಮಾಡಿದರು. ಚಟ್! ಕಿಡಿ ಹಾರಿತು. "ಕಂಡ್ಯೇನ್ಲಾ? ಈ ಕಲ್ಲಿಗೆ ಪೆಟ್ಟು ಬಿದ್ರೇನೇ ಕೆಲಸ!"

ಪೆಟ್ಟು ಬಿದ್ರೇನೇ ಕೆಲಸ. ಪಾಲಯ್ಯ ಮನಸ್ಸಿನಲ್ಲಿ ಗಂಟು ಹಾಕ್ಕೊಂಡ.

ಆಚಾರ್ರು ಊಟಕ್ಕೆ ಹೋಗಿದ್ದಾಗ ಪೋಸ್ಟ್‌ಮ್ಯಾನು ನಿಂತುಹೋದ ಕೈಗಡಿಯಾರ ತಂದುಕೊಟ್ಟ. ಗಡಿಯಾರದಲ್ಲೂ ಕಲ್ಲು ಇದೆಯಲ್ಲ! ಪಾಲಯ್ಯ ದೊಡ್ಡ ಸುತ್ತಿಗೆ ತಗೊಂಡ. ಒಂದು ಕೊಟ್ಟ, ಕೆಲಸ ಮಾಡಲಿಲ್ಲ. ಇನ್ನೊಂದು ಕೊಟ್ಟ. ಆಮೇಲೆ ಕೊಡೋದಕ್ಕೆ ಗಡಿಯಾರವೇ ಉಳೀಲಿಲ್ಲ.

"ಅಯ್ಯೋ ಪೆದ್ದೇ!" ಆಚಾರ್ರು ತಲೆ ಚಚ್ಚಿಕೊಂಡರು. "ಅದರ ಸೆಲ್ ಮುಗಿದಿತ್ತು ಕಣೋ! ಅದಕ್ಕೆ ಹೊಡೆಯೋದಲ್ಲ, ಕರೆಂಟು ಕೊಡಬೇಕು!"

"ಮೊದಲೇ ಹೇಳಬಾರದಿತ್ತಾ ಆಚಾರ್ರೇ? ಇನ್ಮೇಲೆ ಕೊಡ್ತೀನಿ ಬಿಡಿ!"

ಮನೆಗೆ ಹೋದರೆ ಬೋರಮ್ಮನದೂ ಅದೇ ರಾಗ. "ಹೊಡೀಬ್ಯಾಡ ಮಗನೇ! ಕರೆಂಟು ಕೊಡು, ಕರೆಂಟು!"

ಮಾರನೇ ದಿನ ಭಜನೆ ಮಂಡಳಿಯವರು ತಂಬೂರಿಗೆ ಅಂಟಿಸೋ ಬಿಲ್ಲೆ ಮೈಕು ತಂದಿಟ್ಟು ಹೋದರು. ಪಾಲಯ್ಯ ತಡ ಮಾಡಲಿಲ್ಲ. ಅದರ ಎರಡು ತಂತಿ ಹಿಡಿದು ಗೋಡೆಯ ಪ್ಲಗ್ಗಿಗೆ ತುರುಕಿದ. ಗುಂಯ್ ಅಂತು. ಚಟಾರ್ ಅಂತು. ಇಡೀ ಸಾಲಿನ ಅಂಗಡಿಗಳ ದೀಪ ಹೋಯಿತು.

"ಲೋ ಲೋ ಲೋ!" ಕತ್ತಲೊಳಗಿಂದ ಆಚಾರ್ರ ಕೂಗು. "ಇದಕ್ಕೆ ನಾವು ಕರೆಂಟು ಕೊಡೋದಲ್ಲ, ಅದೇ ನಮಗೆ ಕೊಡ್ತೈತೆ! ನಡುಗೋ ವಸ್ತುವಿಗೆ ಬಿಗಿಯಾಗಿ ಅಂಟಿಸಬೇಕು. ನಡುಕಾನೆಲ್ಲ ಹಿಡಿದು ಸ್ಪೀಕರಿನಲ್ಲಿ ಕೇಳಿಸ್ತೈತೆ!"

"ಮೊದಲೇ ಹೇಳಬಾರದಿತ್ತಾ? ಅಂಟಿಸ್ತೀನಿ ಬಿಡಿ!"

ಆಚಾರ್ರು ತಮ್ಮ ಕೈಯಿಂದಲೇ ಹೊಸ ಬಿಲ್ಲೆ ಹಾಕಿ ಭಜನೆ ಮೈಕು ಸಿದ್ಧ ಮಾಡಿ, ಸ್ಪೀಕರಿಗೆ ಸಿಕ್ಕಿಸಿದರು. ಅಷ್ಟರಲ್ಲಿ ಬಂದರು ನೋಡಿ, ಎಣ್ಣೆ ಮಿಲ್ಲಿನ ಪಂಪಣ್ಣ ಸಾವ್ಕಾರ್ರು. ತಮ್ಮ ಮಿಲ್ಲಿನ ಯಂತ್ರಗಳ ನಡುಕ ಹಿಡಿದು, ಸವೆತ ಕಂಡರೆ ದೀಪ ತೋರಿಸೋ ಡಬ್ಬಿ ಬೇಕಾಗಿತ್ತು ಅವರಿಗೆ. ಗಡಿಯಾರದ ಕತೆ, ಪ್ಲಗ್ಗಿನ ಕತೆ ಕೇಳಿ ಸಾವ್ಕಾರ್ರು ನಕ್ಕರು. ನಕ್ಕರೆ ಹೊಟ್ಟೆ ನಡುಗುತ್ತಿತ್ತು. ಪಾಲಯ್ಯ ಹೊಟ್ಟೆ ನೋಡಿದ, ಬಿಲ್ಲೆ ನೋಡಿದ. ಅಂಗಿ ಸರಿಸಿ, ಅಂಟು ಬಳಿದು, ಫಟ್ ಅಂತ ಅಂಟಿಸಿಬಿಟ್ಟ!

ಗುಡುಗುಡು, ಗೊಳಗೊಳ, ಡರ್! ಬೆಳಿಗ್ಗೆ ತಿಂದ ಮಂಡಕ್ಕಿ ಮೆಣಸಿನಕಾಯಿ ಇಡೀ ಬೀದಿಗೆ ಕೇಳಿಸಿತು. ಬಿಲ್ಲೆ ಬಿಡಿಸೋ ಹೊತ್ತಿಗೆ ಸಾವ್ಕಾರ್ರ ಹೊಟ್ಟೆ ಮೇಲಿದ್ದ ನಾಕು ಕೂದಲೂ ಹೋದವು.

"ಹೊಟ್ಟೆಗೆ ಅಂಟಿಸ್ತಾರೇನೋ?" ಆಚಾರ್ರಿಗೆ ಅಳುವೇ ಬಂದಿತ್ತು. "ನಾಳೆ ಅಮಾವಾಸ್ಯೆ. ಕೊನೇ ಸಲ ಹೇಳ್ತೀನಿ, ಕೇಳು. ಮಿಲ್ಲಿನಲ್ಲಿ ಆ ಡಬ್ಬೀನ ಸವೆಯೋ ಜಾಗಕ್ಕೆ ಇಡಬೇಕು! ಅದರ ದೀಪ ಹಸಿರಿದ್ರೆ ಸುಮ್ಮನಿರು. ಕೆಂಪಾದ್ರೆ ಸವೆದಿದೆ ಅಂತ ಅರ್ಥ. ಆಗ ಯಾರನ್ನೂ ಕೇಳಬೇಡ. ಮೇನ್ ಸ್ವಿಚ್ ಆಫ್ ಮಾಡು, ಎಲ್ಲರನ್ನೂ ಹೊರಗೆ ಕಳಿಸು, ಗ್ರೀಸ್ ಬಳಿ!"

"ಮೊದಲೇ ಹೇಳಬಾರದಿತ್ತಾ?"

ಆ ರಾತ್ರಿ ಬೋರಮ್ಮ ಮಗನಿಗೆ ಬೈಯಲಿಲ್ಲ. ತಲೆ ಸವರಿದಳು. "ನಾಳೆ ಒಂದು ದಿನ ಸರಿಯಾಗಿ ಮಾಡೋ ಮಗನೇ. ನಿನ್ನ ಹಿಂದೆ ಅಲೆದೂ ಅಲೆದೂ ನನ್ನ ಮೊಣಕಾಲು ಸವೆದುಹೋತು" ಅಂದಳು. ಪಾಲಯ್ಯ ಹೂಂ ಅಂದ. ಚೆನ್ನಾಗೇ ಕೇಳಿಸಿಕೊಂಡಿದ್ದ.

ಬೆಳಿಗ್ಗೆ ಮಿಲ್ಲು. ಕಡ್ಲೆಕಾಯಿ ಅರೆಯೋ ನಾಕು ಯಂತ್ರ ಧಡಧಡ ಅಂತಿವೆ. ಪಾಲಯ್ಯ ಒಂದೊಂದರ ಬೇರಿಂಗಿಗೂ ಆಚಾರ್ರು ಮಾಡಿಕೊಟ್ಟ ಡಬ್ಬಿ ಇಟ್ಟು ನೋಡಿದ. ಹಸಿರು. ಹಸಿರು. ಹಸಿರು. ಹಸಿರು. ಒಂದೂ ತಪ್ಪಿಲ್ಲ! ಆಚಾರ್ರು ಮೊದಲ ಸಲ ನೆಮ್ಮದಿಯ ಉಸಿರು ಬಿಟ್ಟರು. ಸಾವ್ಕಾರ್ರ ಜೊತೆ ಆಫೀಸು ರೂಮಿಗೆ ಚಾ ಕುಡಿಯೋಕೆ ಹೋದರು.

ಅಷ್ಟರಲ್ಲಿ ಮಗನಿಗೆ ಬುತ್ತಿ ತಗೊಂಡು ಬೋರಮ್ಮ ಬಂದಳು. ಎರಡು ಮೈಲಿ ನಡೆದು ಬಂದವಳು, ಉಸ್ಸಪ್ಪಾ ಅಂತ ಚೀಲದ ಮೇಲೆ ಕೂತಳು. ಮೊಣಕಾಲು ಗಡಗಡ ನಡುಗುತ್ತಿತ್ತು.

ಸವೆದ ಜಾಗ! ಪಾಲಯ್ಯ ಡಬ್ಬಿ ತಂದು, ಟವೆಲಿನಿಂದ ಅವ್ವನ ಮೊಣಕಾಲಿಗೆ ಬಿಗಿಯಾಗಿ ಕಟ್ಟಿದ.

ಕೆಂಪು!

ಓಡಿಹೋಗಿ ಮೇನ್ ಸ್ವಿಚ್ ಆಫ್ ಮಾಡಿದ. ಇಡೀ ಮಿಲ್ಲು ಗಪ್ ಚಿಪ್. "ಎಲ್ಲಾ ಹೊರಗೆ ಹೋಗ್ರಿ! ಹೊರಗೆ!" ಅಂತ ಕೂಗಿ ನಲವತ್ತು ಆಳನ್ನೂ ಅಂಗಳಕ್ಕೆ ಅಟ್ಟಿದ. ಸಾವ್ಕಾರ್ರೂ ಆಚಾರ್ರೂ ಓಡೋಡಿ ಬಂದರೆ, ಪಾಲಯ್ಯ ಅವ್ವನ ಮೊಣಕಾಲಿಗೆ ಅಂಗೈತುಂಬ ಗ್ರೀಸ್ ಮೆತ್ತುತ್ತಿದ್ದ.

"ಏನ್ಲಾ ಇದು?"

"ಕೆಂಪು ಬಂತು ಆಚಾರ್ರೇ. ಅವ್ವನ ಬೇರಿಂಗ್ ಹೋಗೈತೆ!"

ಆಚಾರ್ರು ಅಲ್ಲೇ ಕುಸಿದು ಕೂತರು. ಬೋರಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. "ಮುಗೀತು! ಇವನ ಕಸುಬೂ ಮುಗೀತು, ನನ್ನ ಕತೇನೂ ಮುಗೀತು!"

ಸಾವ್ಕಾರ್ರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ಈ ಸಲ ಎರಡೂ ಕೈಯಿಂದ ಭದ್ರವಾಗಿ ಹಿಡಿದುಕೊಂಡೇ ನಕ್ಕರು. "ಆಚಾರ್ರೇ, ಹೋದ ವರ್ಷ ನನ್ನ ಎರಡು ಯಂತ್ರ ಸುಟ್ಟುಹೋದವು. ಸದ್ದು ಕೆಟ್ಟಿದ್ದು ಎಲ್ಲರಿಗೂ ಗೊತ್ತಿತ್ತು. ಇನ್ನೊಂದು ಚೀಲ ಆಗಲಿ, ಇನ್ನೊಂದು ಚೀಲ ಆಗಲಿ ಅಂತ ಓಡಿಸಿದರು. ಕೆಂಪು ಕಂಡ ತಕ್ಷಣ ನಿಲ್ಲಿಸೋ ಗಂಡಸು ಇವನೊಬ್ಬನೇ. ಇವನು ನಂಗೆ ಬೇಕು! ಯಂತ್ರ ಕಾಯೋ ಕೆಲಸ ಇವನದೇ!"

ಬೋರಮ್ಮನ ಅಳು ಅಲ್ಲಿಗೇ ನಿಂತಿತು. ಆಚಾರ್ರಿಗೆ ಹೋದ ಜೀವ ಬಂತು. ಶಿಷ್ಯನಿಗೆ ಕೊನೆಯ ಪಾಠ ಒಂದು ಹೇಳಿಬಿಡೋಣ ಅಂತ ಎದ್ದರು. ಹೇಳದೆ ಇದ್ದಿದ್ದರೆ ಚೆನ್ನಾಗಿತ್ತು.

"ಪಾಲಯ್ಯ, ಗ್ರೀಸ್ ಬಳಿದು ಸುಮ್ಮನೆ ಬಿಡಬಾರದು ಕಣೋ. ಮೊದಲು ಭಾರ ಇಳಿಸಬೇಕು. ಆಮೇಲೆ ಹತ್ತು ಸುತ್ತು ಸುತ್ತಿಸಿ ನೋಡಬೇಕು."

"ಮೊದಲೇ ಹೇಳಬಾರದಿತ್ತಾ?" ಅಂದ ಪಾಲಯ್ಯ. ಅವ್ವನ ಕೈಯಿಂದ ಬುತ್ತಿ ಕಿತ್ತುಕೊಂಡ. "ಭಾರ ಇಳೀತು! ಏಳವ್ವ, ಮಿಲ್ಲಿನ ಸುತ್ತ ಹತ್ತು ಸುತ್ತು!"

"ನಿನ್ನ ಮನೆ ಹಾಳಾಗ!" ಬೋರಮ್ಮ ಎದ್ದಳು, ಮೂಲೆಯಲ್ಲಿದ್ದ ಪೊರಕೆ ಎತ್ತಿಕೊಂಡಳು, ಮಗನ ಬೆನ್ನಟ್ಟಿದಳು. ಮುಂದೆ ಪಾಲಯ್ಯ, ಹಿಂದೆ ಪೊರಕೆ, ಮೊಣಕಾಲಲ್ಲಿ ದೀಪ ಕೆಂಪೋ ಕೆಂಪು. ಒಂದು ಸುತ್ತಾಯಿತು, ಎರಡಾಯಿತು, ನಲವತ್ತು ಆಳೂ ಎಣಿಸಿದರು.

"ನೋಡ್ರಿ ಆಚಾರ್ರೇ!" ಓಡುತ್ತಲೇ ಕೂಗಿದ ಪಾಲಯ್ಯ. "ಕೂತಲ್ಲಿಂದ ಏಳೋಕಾಗ್ದೆ ಇದ್ದೋಳು! ಗ್ರೀಸ್ ಸರಿಯಾಗಿ ಹಿಡೀತು!"