ಹೊಗೆ ಬಾರದ ಮದ್ದು

"ಗುರುಗಳೇ, ಸಂಗಯ್ಯನಿಗೆ ಹೇಳಿಕೊಟ್ಟದ್ದನ್ನು ನನಗೇಕೆ ಹೇಳಿಕೊಡಲಿಲ್ಲ?" ಎಂದು ಚನ್ನಮಲ್ಲ ಕೇಳಿದ.

ಅವರಿಬ್ಬರೂ ಒಂದೇ ದಿನ ಮಠಕ್ಕೆ ಬಂದವರು. ಸಂಗಯ್ಯ ಈಗ ಇಡೀ ಬೆಳಗು ಕಣ್ಣು ಮುಚ್ಚಿ ಅಲುಗದೆ ಕೂರುತ್ತಿದ್ದ. ಮಠಕ್ಕೆ ಬಂದವರು ಅವನನ್ನು ಕಂಡರೆ ದನಿ ತಗ್ಗಿಸಿ ಮಾತಾಡುತ್ತಿದ್ದರು. ಚನ್ನಮಲ್ಲನಿಗೆ ಗುರುಗಳು ಹೇಳಿದ್ದು ಇಷ್ಟೇ: ಉಸಿರನ್ನು ಗಮನಿಸುತ್ತ ಸ್ವಲ್ಪ ಹೊತ್ತು ಕೂರು, ಸಾಕೆನಿಸಿದಾಗ ಎದ್ದು ಕೆಲಸ ನೋಡು.

"ನಾವಿಬ್ಬರೂ ಒಂದೇ ದಿನ ನಿಮ್ಮ ಕಾಲಿಗೆ ಬಿದ್ದವರು. ಅವನಿಗೆ ದೊಡ್ಡದು, ನನಗೆ ಸಣ್ಣದು ಏಕೆ?"

ಗುರುಗಳು ಅವನನ್ನು ಕೂರಲು ಹೇಳಿ, ಈ ಕತೆ ಹೇಳಿದರು.

ಕೊಡಗಿನಲ್ಲಿ ಒಬ್ಬ ರೈತನಿದ್ದ. ಹೆಸರು ಬೆಳ್ಯಪ್ಪ. ಅವನ ತಂಗಿ ದೇಚಮ್ಮನನ್ನು ಹೊಳೆಯ ಆಚೆ ದಡದ ಪೂವಯ್ಯನಿಗೆ ಕೊಟ್ಟಿತ್ತು. ಮದುವೆಯಾದ ಹೊಸದರಲ್ಲಿ ಭಾವಮೈದುನರಿಬ್ಬರಿಗೂ ಬಹಳ ಹೊಂದಾಣಿಕೆ. ಬೆಳ್ಯಪ್ಪ ಒಳ್ಳೆಯ ಗುರಿಕಾರ. ಕೋವಿಗೆ ಪೂಜೆ ಮಾಡುವ ಕೈಲು ಮುಹೂರ್ತದ ಹಬ್ಬದಲ್ಲಿ ಎತ್ತರದ ಮರದ ತುದಿಗೆ ತೆಂಗಿನಕಾಯಿಗಳನ್ನು ಕಟ್ಟಿ ಗುಂಡು ಹೊಡೆಯುತ್ತಾರಲ್ಲ, ಅಲ್ಲಿ ಮೊದಲ ಕಾಯಿ ಒಡೆಯುವವನು ಪ್ರತಿ ವರ್ಷ ಅವನೇ. ಪೂವಯ್ಯ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದ.

ಒಂದು ವರ್ಷ ಇಬ್ಬರೂ ಒಬ್ಬನೇ ಕಮ್ಮಾರನ ಹತ್ತಿರ ಒಂದೇ ತರಹದ ಕೋವಿ ಮಾಡಿಸಿಕೊಂಡರು. ನೂರು ವರ್ಷದ ಹಿಂದಿನ ನಮೂನೆ, ಆದರೆ ಹೊಸದಾಗಿ ಮಾಡಿದ್ದು. ಕೈಹಿಡಿಯ ಕೆಳಗೆ ಕಬ್ಬಿಣದ ಒಂದು ಸನ್ನೆ. ಅದನ್ನು ಕೆಳಕ್ಕೆ ಒತ್ತಿ ಮೇಲೆಳೆದರೆ ಖಾಲಿ ತೋಟೆ ಹಾರಿ ಹೊರಗೆ ಬಿದ್ದು, ತುಂಬಿದ ತೋಟೆ ಒಳಗೆ ಕೂರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಯಾರದು ಎಂದು ಅವರಿಗೇ ಗುರುತು ಹತ್ತುತ್ತಿರಲಿಲ್ಲ.

ತೋಟೆಗಳನ್ನು ಇಬ್ಬರೂ ಮನೆಯಲ್ಲೇ ತುಂಬಿಕೊಳ್ಳುತ್ತಿದ್ದರು. ಹಿತ್ತಾಳೆಯ ಖಾಲಿ ತೋಟೆಗೆ ಬುಡದಲ್ಲಿ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಕರಿಮದ್ದು ಹಾಕಿ, ಮೇಲೆ ಸೀಸದ ಗುಂಡು ಒತ್ತುವುದು. ಕರಿಮದ್ದಿನದು ಒಂದೇ ತೊಂದರೆ. ಹೊಡೆದ ಕೂಡಲೇ ಮುಖದ ಮುಂದೆ ಬಿಳಿ ಹೊಗೆ ಕವಿಯುತ್ತದೆ. ಗುಂಡು ತಾಗಿತೋ ಇಲ್ಲವೋ ಎಂದು ಹೊಡೆದವನು ಪಕ್ಕದವರನ್ನು ಕೇಳಬೇಕು.

ಆ ಮೇಲಿನ ವರ್ಷ ಹಬ್ಬದಲ್ಲಿ ಪೂವಯ್ಯ ಕೋವಿ ಎತ್ತಿ ಹೊಡೆದ. ಹೊಗೆ ಬರಲಿಲ್ಲ. ಸದ್ದು ಬಂತು, ಮರದ ತುದಿಯಲ್ಲಿ ಕಾಯಿ ಚೂರುಚೂರಾಯಿತು, ಅದನ್ನು ಎಲ್ಲರಿಗಿಂತ ಮೊದಲು ಕಂಡವನು ಪೂವಯ್ಯನೇ. ಅವನು ಹೊಗೆ ಬಾರದ ಹೊಸ ಮದ್ದು ತರಿಸಿದ್ದ. ಜನ ಅವನನ್ನು ಸುತ್ತುವರಿದರು. ಆಮೇಲೆ ಬೆಳ್ಯಪ್ಪ ಹೊಡೆದ. ಅವನೂ ಕಾಯಿ ಒಡೆದ. ಆದರೆ ಹೊಗೆಯೊಳಗಿಂದ ಕೆಮ್ಮುತ್ತ ಹೊರಗೆ ಬಂದಾಗ ಅವನ ಕಡೆ ನೋಡುವವರು ಯಾರೂ ಇರಲಿಲ್ಲ. ಯಾರೋ ನಗುತ್ತ, "ಬೆಳ್ಯಪ್ಪಣ್ಣ ಕಾಯಿ ಹೊಡೆದರೋ, ಅಡಿಗೆ ಮನೆಗೆ ಬೆಂಕಿ ಹಾಕಿದರೋ?" ಎಂದರು. ದೇಚಮ್ಮನೂ ನಕ್ಕಳು.

ತಂಗಿಯ ಆ ನಗು ಬೆಳ್ಯಪ್ಪನ ಎದೆಗೆ ನಾಟಿತು.

ಅಂದಿನಿಂದ ಅವನಿಗೆ ಊಟ ಸೇರಲಿಲ್ಲ. ಹೊಳೆಯ ಆಚೆಯಿಂದ ಕೋವಿಯ ಸದ್ದು ಕೇಳಿದರೆ ಮಾಡುತ್ತಿದ್ದ ಕೆಲಸ ಬಿಟ್ಟು ನಿಲ್ಲುತ್ತಿದ್ದ. ಅವನ ತಾಯಿ ಅಳಿಯನ ಹೆಸರು ಎತ್ತಿದರೆ ತಟ್ಟೆ ದೂಡಿ ಏಳುತ್ತಿದ್ದ. ಪೂವಯ್ಯನ ಗದ್ದೆಯ ಪೈರು ತನ್ನದಕ್ಕಿಂತ ಎತ್ತರ ಎನಿಸಿತು. ಪೂವಯ್ಯನ ನಾಯಿ ತನ್ನ ನಾಯಿಗಿಂತ ಜಾಣ ಎನಿಸಿತು. ಅದುವರೆಗೆ ಅವನು ಆ ನಾಯಿಯನ್ನು ಸರಿಯಾಗಿ ನೋಡಿರಲೂ ಇಲ್ಲ.

ಕೊನೆಗೆ ತಡೆಯಲಾರದೆ ಒಂದು ದಿನ ಹೊಳೆ ದಾಟಿ ಹೋಗಿ ಕೇಳಿದ. "ಆ ಮದ್ದು ಎಷ್ಟು ಹಾಕುತ್ತೀಯಾ ಪೂವಯ್ಯ?"

ಪೂವಯ್ಯ ಒಳಗೆ ಹೋಗಿ ಒಂದು ಡಬ್ಬಿ ಮದ್ದು ತಂದು ಅವನ ಕೈಗಿಟ್ಟ. "ನನ್ನ ಹತ್ತಿರ ಎರಡಿದೆ ಭಾವ, ಒಂದು ನೀವು ಇಟ್ಟುಕೊಳ್ಳಿ. ಆದರೆ ನನ್ನ ಅಳತೆ ನಿಮಗೆ ಹೇಳಲಾರೆ. ಇದು ಕರಿಮದ್ದಿನ ಹಾಗಲ್ಲ, ಸ್ವಲ್ಪಕ್ಕೇ ರೇಗುತ್ತದೆ. ನಿಮ್ಮ ಕೋವಿಗೆ, ನಿಮ್ಮ ಗುಂಡಿಗೆ ಎಷ್ಟು ಹಿಡಿಸುತ್ತದೆ ಎಂದು ನೀವೇ ನೋಡಬೇಕು. ತೀರಾ ಕಡಿಮೆಯಿಂದ ಶುರು ಮಾಡಿ. ಒಂದೊಂದು ಗುಂಡು ಹೊಡೆದಾಗಲೂ ಖಾಲಿ ತೋಟೆಯನ್ನು ಕೈಯಲ್ಲಿ ಹಿಡಿದು ನೋಡಿ. ಕೇಪು ಚಪ್ಪಟೆಯಾಗಿದ್ದರೆ, ಸನ್ನೆ ಬಿಗಿಯಾದರೆ, ಮದ್ದು ಹೆಚ್ಚಾಯಿತೆಂದು ತಿಳಿದು ಅಲ್ಲಿಗೆ ನಿಲ್ಲಿಸಿ. ನನಗೆ ಒಂದು ಮಳೆಗಾಲವೇ ಹಿಡಿಯಿತು."

ಇಷ್ಟು ಮಾತಿನಲ್ಲಿ ಬೆಳ್ಯಪ್ಪನ ಕಿವಿಗೆ ಬಿದ್ದದ್ದು ಒಂದೇ. ನನ್ನ ಅಳತೆ ನಿಮಗೆ ಹೇಳಲಾರೆ.

ಡಬ್ಬಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದ. ದಾರಿಯುದ್ದಕ್ಕೂ ಅದನ್ನೇ ಮೆಲುಕು ಹಾಕಿದ. ಮದ್ದು ಕೊಟ್ಟು ದೊಡ್ಡವನಾದ, ಗುಟ್ಟು ಮಾತ್ರ ಬಚ್ಚಿಟ್ಟುಕೊಂಡ. ನಾನು ಒಂದು ಮಳೆಗಾಲ ಪರದಾಡಲಿ, ಅಷ್ಟರೊಳಗೆ ಮುಂದಿನ ಹಬ್ಬವೂ ತನ್ನದೇ ಆಗಲಿ ಎಂದು ಅವನ ಲೆಕ್ಕ. ಹೀಗೆಂದುಕೊಂಡಷ್ಟೂ ಅವನಿಗೆ ಅದು ನಿಜವೆನಿಸಿತು.

ಪೂವಯ್ಯ ಪೇಟೆಗೆ ಹೋದ ದಿನ ನೋಡಿ ಅವನು ತಂಗಿಯ ಮನೆಗೆ ಹೋದ. ಅಣ್ಣ ಬಂದನೆಂದು ದೇಚಮ್ಮನಿಗೆ ಸಂಭ್ರಮ. ಕೂರಿಸಿ, ಅಕ್ಕಿಯುಂಡೆ ಬೇಯಿಸಿ ಕಡಂಬುಟ್ಟು ಮಾಡುತ್ತೇನೆ, ತಿಂದೇ ಹೋಗಬೇಕು ಎಂದು ಒಳಗೆ ಹೋದಳು. ಗೋಡೆಯ ಗೂಟದಲ್ಲಿ ಪೂವಯ್ಯನ ತೋಟೆಯ ಪಟ್ಟಿ ನೇತಾಡುತ್ತಿತ್ತು. ಬೆಳ್ಯಪ್ಪ ಎದ್ದು ಅದರಿಂದ ಒಂದು ತೋಟೆ ತೆಗೆದು ಜೇಬಿಗೆ ಹಾಕಿಕೊಂಡ. ಆಮೇಲೆ ತಂಗಿ ಬಡಿಸಿದ್ದನ್ನು ತಿಂದ. ಇನ್ನೊಂದು ಹಾಕಲೇ ಅಣ್ಣ ಎಂದಳು. ಹಾಕು ಎಂದ. ಅವಳ ಮುಖ ನೋಡಲಿಲ್ಲ.

ಮನೆಗೆ ಬಂದು ಆ ತೋಟೆಯ ಗುಂಡು ಕಿತ್ತು, ಒಳಗಿನ ಮದ್ದನ್ನು ಚಿನ್ನ ತೂಗುವ ತಕ್ಕಡಿಗೆ ಸುರಿದು ತೂಗಿದ. ಗುಟ್ಟು ಸಿಕ್ಕಿತು. ಅವನಿಗೆ ಕುಣಿಯುವಷ್ಟು ಸಂತೋಷವಾಯಿತು. ಅದೇ ತೂಕಕ್ಕೆ ತನ್ನ ತೋಟೆಗಳಿಗೆ ಮದ್ದು ಹಾಕಿದ. ಬರೀ ಸಮನಾದರೆ ಏನು ಬಂತು, ಅವನಿಗಿಂತ ಒಂದು ಕೈ ಮೇಲಾಗಬೇಕು ಎಂದು ಪ್ರತಿಯೊಂದಕ್ಕೂ ಚಿಟಿಕೆಯಷ್ಟು ಹೆಚ್ಚು ಹಾಕಿದ. ಮೇಲೆ ತನ್ನ ತಂದೆಯ ಕಾಲದ ಅಚ್ಚಿನಲ್ಲಿ ಎರೆದ ಗುಂಡು ಒತ್ತಿದ. ಅದು ಪೂವಯ್ಯನ ಗುಂಡಿಗಿಂತ ಉದ್ದ, ತೂಕವೂ ಹೆಚ್ಚು. ಅದನ್ನು ಅವನು ಕೈಯಲ್ಲಿ ಹಿಡಿದು ನೋಡಿಯೇ ಒತ್ತಿದ. ಆದರೂ ಯೋಚಿಸಲಿಲ್ಲ.

ಹಬ್ಬದ ಹಿಂದಿನ ದಿನ ಗದ್ದೆಯ ಬದುವಿನಲ್ಲಿ ನಿಂತು ಒಂದು ಗುಂಡು ಹೊಡೆದ. ಹೊಗೆಯೇ ಇಲ್ಲ. ಭುಜಕ್ಕೆ ಬಿದ್ದ ಹೊಡೆತಕ್ಕೆ ಎರಡು ಹೆಜ್ಜೆ ಹಿಂದೆ ಸರಿದ. ಸನ್ನೆ ಎಳೆದರೆ ಬರಲಿಲ್ಲ. ಅಂಗೈಯಿಂದ ಗುದ್ದಿ ತೆಗೆಯಬೇಕಾಯಿತು. ಹೊರಗೆ ಬಿದ್ದ ತೋಟೆಯ ಕೇಪು ಚಪ್ಪಟೆಯಾಗಿತ್ತು, ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ಬೆಳ್ಯಪ್ಪ ಅದನ್ನು ನೋಡಿದ. ಪೂವಯ್ಯನ ಮಾತು ನೆನಪಾಯಿತು. ನನ್ನನ್ನು ಹೆದರಿಸಲೆಂದೇ ಹೇಳಿದ್ದು ಎಂದುಕೊಂಡು ತೋಟೆಯನ್ನು ಗದ್ದೆಯ ಕೆಸರಿಗೆ ಎಸೆದ.

ಹಬ್ಬದ ದಿನ ಊರೆಲ್ಲ ಮೈದಾನದಲ್ಲಿ ಸೇರಿತ್ತು. ಬೆಳ್ಯಪ್ಪ ಮೊದಲೇ ಹೋಗಿ ನಿಂತ. ಕೋವಿ ಎತ್ತಿ ಹೊಡೆದ. ಕಾಯಿ ಎರಡು ಹೋಳಾಗಿ ಬಿತ್ತು. ಹೊಗೆಯ ಸುಳಿವಿಲ್ಲ. ಜನ ಕೂಗಿದರು. ಅವನು ಮೊದಲು ನೋಡಿದ್ದು ಪೂವಯ್ಯನ ಮುಖ. ಅಲ್ಲಿ ಹೊಟ್ಟೆಕಿಚ್ಚು ಕಾಣಬೇಕೆಂದು ಹುಡುಕಿದ. ಪೂವಯ್ಯ ಹಳೆಯ ದಿನಗಳ ಹಾಗೆ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟುತ್ತಿದ್ದ. ಬೆಳ್ಯಪ್ಪನಿಗೆ ಗೆದ್ದ ಸುಖವೂ ಪೂರ್ತಿ ಸಿಗಲಿಲ್ಲ.

ಸನ್ನೆ ಮತ್ತೆ ಬಿಗಿಯಾಗಿತ್ತು. ಯಾರಿಗೂ ಕಾಣದಂತೆ ತಿರುಗಿ ನಿಂತು ಮೊಣಕಾಲಿಗೆ ಒತ್ತಿ ತೆಗೆದ. ಎರಡನೆಯ ತೋಟೆ ಒಳಗೆ ಕೂತಿತು. ಅಷ್ಟರಲ್ಲಿ ದೇಚಮ್ಮ ಓಡಿ ಬಂದಳು. ಆ ಊರಿನಲ್ಲಿ ಹೆಂಗಸರೂ ಕಾಯಿಗೆ ಹೊಡೆಯುತ್ತಾರೆ.

"ಅಣ್ಣ, ಈ ಸಲ ನಿನ್ನ ಕೋವಿಯಲ್ಲೇ ಹೊಡೆಯುತ್ತೇನೆ, ಕೊಡು" ಎಂದಳು. ಅವನು ಏನನ್ನೂ ಹೇಳುವ ಮೊದಲೇ ಕೋವಿ ಅವಳ ಕೈಯಲ್ಲಿತ್ತು. ಕೆನ್ನೆಗೆ ಒತ್ತಿ ಗುರಿ ಇಟ್ಟಳು.

ಬೆಳ್ಯಪ್ಪನ ಕಣ್ಣ ಮುಂದೆ ಆ ಬಿರುಕು ಬಿಟ್ಟ ತೋಟೆ ಬಂತು. ಬೇಡ ಎನ್ನಬೇಕು. ಏಕೆ ಬೇಡ ಎಂದು ಕೇಳುತ್ತಾಳೆ. ಊರೆಲ್ಲ ಕೇಳುತ್ತದೆ. ಪೂವಯ್ಯ ಇಲ್ಲೇ ನಿಂತಿದ್ದಾನೆ. ಅವನ ಮನೆಯ ಗೂಟದಿಂದ ಕದ್ದೆ ಎಂದು ಎಲ್ಲರೆದುರು ಹೇಳುವುದು ಹೇಗೆ? ನಿನ್ನೆ ಒಂದು ಹೊಡೆದೆ, ಇವತ್ತು ಒಂದು ಹೊಡೆದೆ, ಏನೂ ಆಗಲಿಲ್ಲವಲ್ಲ, ಇದೊಂದಕ್ಕೂ ಏನೂ ಆಗಲಿಕ್ಕಿಲ್ಲ.

ಹೀಗೂ ಅಂದುಕೊಂಡ. ಅದೇ ಗಳಿಗೆಯಲ್ಲಿ ಅವನ ಕೈ ತಾನಾಗಿ ಮುಂದೆ ಹೋಗಿ ಕೋವಿಯನ್ನು ಕಿತ್ತುಕೊಂಡಿತು. ಕಿತ್ತ ರಭಸಕ್ಕೆ ದೇಚಮ್ಮ ಮುಗ್ಗರಿಸಿ ನೆಲಕ್ಕೆ ಮೊಣಕಾಲೂರಿದಳು.

ಜನ ಹತ್ತಿರ ಸರಿದು ನೋಡಿದರು.

ದೇಚಮ್ಮ ಎದ್ದು ಸೀರೆ ಕೊಡವಿಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು. "ನನ್ನ ಗಂಡ ಚೆನ್ನಾಗಿ ಹೊಡೆಯುತ್ತಾನೆಂದು ನಿನಗೆ ಹೊಟ್ಟೆಯುರಿ. ನನಗೆ ಗೊತ್ತಿಲ್ಲವೆಂದುಕೊಂಡಿದ್ದೀಯಾ? ಈಗ ನಾನೂ ನಿನ್ನ ಕೋವಿ ಮುಟ್ಟಬಾರದೇ?"

ಎಲ್ಲರೂ ತನ್ನ ಉತ್ತರಕ್ಕಾಗಿ ಕಾಯುತ್ತಿದ್ದಾರೆಂದು ಬೆಳ್ಯಪ್ಪನಿಗೆ ತಿಳಿಯಿತು. ನಿಜ ಅವನ ಗಂಟಲಿನವರೆಗೆ ಬಂತು. ಪೂವಯ್ಯನನ್ನು ನೋಡಿದ. ನಿಜ ಅಲ್ಲೇ ನಿಂತಿತು. ಉತ್ತರ ಕೊಡುವ ಬದಲು ಮುಖ ತಿರುಗಿಸಿ, ಕೋವಿ ಭುಜಕ್ಕೇರಿಸಿ, ಮರದ ಕಡೆಗೆ ಹೊಡೆದೇಬಿಟ್ಟ.

ಕೋವಿ ಹಿಂದಕ್ಕೆ ಒಡೆಯಿತು. ಸನ್ನೆ ಕಿತ್ತು ನೇತಾಡಿತು. ಬೆಂಕಿಯಂಥ ಗಾಳಿ ಅವನ ಮುಖಕ್ಕೆ ಬಡಿಯಿತು. ಅವನು ಕುಸಿದು ಕೂತ. ಎಲ್ಲರಿಗಿಂತ ಮೊದಲು ಓಡಿ ಬಂದು ತಲೆ ಹಿಡಿದುಕೊಂಡವನು ಪೂವಯ್ಯ.

ಜೀವ ಉಳಿಯಿತು. ಗುರಿ ಇಡುವ ಬಲಗಣ್ಣು ಹೋಯಿತು.

ಬೆಳ್ಯಪ್ಪ ಹಾಸಿಗೆ ಹಿಡಿದಿದ್ದಾಗ ಪೂವಯ್ಯ ದಿನಾ ಹೊಳೆ ದಾಟಿ ಬರುತ್ತಿದ್ದ. ಉಳಿದ ತೋಟೆಗಳನ್ನು ಅವನೇ ಬಿಚ್ಚಿ ಮದ್ದನ್ನು ನೀರಿಗೆ ಸುರಿದಿದ್ದ. ಬಿಚ್ಚುವಾಗ ಏನು ಕಂಡನೆಂದು ಯಾರಿಗೂ ಹೇಳಿರಲಿಲ್ಲ. ಅವನು ಹೇಳಲಿಲ್ಲವೆಂಬುದೇ ಬೆಳ್ಯಪ್ಪನಿಗೆ ಗಾಯಕ್ಕಿಂತ ಹೆಚ್ಚು ಉರಿಯುತ್ತಿತ್ತು. ಒಂದು ದಿನ ತಡೆಯಲಾರದೆ ತಾನೇ ಕೇಳಿದ.

"ನಿನ್ನ ಅಳತೆಯನ್ನೇ ಹಾಕಿದ್ದೆ. ಚಿಟಿಕೆ ಹೆಚ್ಚಿರಬಹುದು. ನಿನ್ನ ಕೋವಿಗೆ ಏನೂ ಆಗಲಿಲ್ಲ, ನನ್ನದೇ ಏಕೆ ಒಡೆಯಬೇಕು?"

ಕಣ್ಣು ಹೋದ ಮೇಲೂ ಅವನ ದನಿಯಲ್ಲಿ ಅದೇ ಉರಿಯಿತ್ತು.

"ನನ್ನ ಗುಂಡು ಹಗುರ ಭಾವ. ನಿಮ್ಮ ತಂದೆಯ ಅಚ್ಚಿನ ಗುಂಡು ಭಾರ, ತೋಟೆಯೊಳಗೆ ಆಳಕ್ಕೆ ಕೂರುತ್ತದೆ. ಅದರ ಕೆಳಗೆ ನನ್ನಷ್ಟು ಮದ್ದು ಹಾಕಿದರೆ ಯಾವ ಕೋವಿಯೂ ತಾಳುವುದಿಲ್ಲ" ಎಂದ ಪೂವಯ್ಯ. ಮತ್ತೆ, "ಆ ಭಾರದ ಗುಂಡಿನಿಂದಲೇ ನಿಮ್ಮ ಗುರಿ ಗಾಳಿಗೂ ಅಲುಗುತ್ತಿರಲಿಲ್ಲ. ಅದಕ್ಕೆ ಸಮ ಹೊಡೆಯಲು ನನ್ನಿಂದ ಆಗಲಿಲ್ಲ. ಆಗಲಿಲ್ಲವೆಂದೇ ನಾನು ಹೊಸ ಮದ್ದು ತರಿಸಿದ್ದು" ಎಂದ.

ಬೆಳ್ಯಪ್ಪ ಗೋಡೆಯ ಕಡೆಗೆ ಹೊರಳಿದ.

ದೇಚಮ್ಮ ಬಹಳ ದಿನ ಬರಲಿಲ್ಲ. ಬಂದಾಗ ಬಾಗಿಲಲ್ಲೇ ನಿಂತಳು. ಬೆಳ್ಯಪ್ಪ ಅವಳಿಗೆ ಎಲ್ಲವನ್ನೂ ಹೇಳಿದ. ಗೂಟದಿಂದ ತೋಟೆ ಕದ್ದದ್ದು, ಕಡಂಬುಟ್ಟು ತಿನ್ನುವಾಗ ಅದು ಜೇಬಿನಲ್ಲಿದ್ದದ್ದು, ಗದ್ದೆಯಲ್ಲಿ ಬಿರುಕು ಕಂಡದ್ದು. "ಕೋವಿ ನಿನ್ನ ಕೈಯಲ್ಲಿ ಒಡೆಯಬಾರದೆಂದು ಕಿತ್ತುಕೊಂಡೆ" ಎಂದ.

ಅವಳು ಹತ್ತಿರ ಬಂದು ಹಾಸಿಗೆಯ ಅಂಚಿನಲ್ಲಿ ಕೂತಳು. "ಅದನ್ನು ಅಲ್ಲೇ ಬಾಯಿಬಿಟ್ಟು ಹೇಳಿದ್ದರೆ ನಿನ್ನ ಕಣ್ಣು ಉಳಿಯುತ್ತಿತ್ತಲ್ಲ ಅಣ್ಣ" ಎಂದು ಅತ್ತಳು.

ಗುರುಗಳು ಕತೆ ನಿಲ್ಲಿಸಿದರು. ಚನ್ನಮಲ್ಲ ಹೇಳಿದ.

"ಬೆಳ್ಯಪ್ಪನದೇ ತಪ್ಪು ಗುರುಗಳೇ. ಪೂವಯ್ಯ ಅವನಿಗೆ ಮದ್ದನ್ನೂ ಕೊಟ್ಟ, ದಾರಿಯನ್ನೂ ಹೇಳಿದ. ಅವನು ಅದನ್ನು ಒಂದು ಸಲವೂ ಮಾಡಿ ನೋಡಲಿಲ್ಲ."

"ಹೌದು" ಎಂದರು ಗುರುಗಳು. "ನಿನಗೆ ನಾನು ಹೇಳಿದ್ದನ್ನು ನೀನು ಮಾಡಿ ನೋಡಿದೆಯಾ?"

ಚನ್ನಮಲ್ಲ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ಉಸಿರನ್ನು ಗಮನಿಸತೊಡಗಿದ.